ಕಳ್ಳಿಯ ಬುಡದಲ್ಲಿ ತೊಳೆದ ಹತ್ತೊಂಬತ್ತು ಕೈಗಳು

ಹೋದ ವರ್ಷ ಮಾರ್ಚ್ ತಿಂಗಳ ಎರಡನೇ ಶನಿವಾರ, ಮಧ್ಯಾಹ್ನ ಒಂದು ಗಂಟೆಗೆ ಹತ್ತು ನಿಮಿಷ ಇರುವಾಗ, ಕೊಲ್ಲಿಯ ಪೂರ್ವದಂಚಿನ ಗುಡ್ಡದಲ್ಲಿರುವ ಒಂದು ಸಸ್ಯೋದ್ಯಾನದ ಮರುಭೂಮಿ ಭಾಗದಲ್ಲಿ, ಕಲ್ಲುಬೆಂಚಿನ ಎಡತುದಿಯಿಂದ ಎರಡು ಹೆಜ್ಜೆ ಆಚೆ, ದಕ್ಷಿಣಕ್ಕೆ ಮುಖ ಮಾಡಿ, ಬಲಗೈ ಮುಂದೆ ಚಾಚಿಕೊಂಡು ನಾನು ನಿಂತಿದ್ದೆ. ಬಲಗೈಯ ವಿಷಯಕ್ಕೆ ಆಮೇಲೆ ಬರುತ್ತೇನೆ.

ಇಷ್ಟು ನಿಖರವಾಗಿ ಹೇಳಲು ಕಾರಣವಿದೆ. ಆ ದಿನದ ಬಗ್ಗೆ ಈ ಕೊಲ್ಲಿಯ ಸುತ್ತ ನೆಲೆಸಿದ ಕನ್ನಡಿಗರಲ್ಲಿ ನಾಲ್ಕೈದು ಬಗೆಯ ಕಥೆಗಳು ಓಡಾಡುತ್ತಿವೆ. ಒಂದರಲ್ಲಿ ನಾವು ಕಳ್ಳಿಗೆ ಅಭಿಷೇಕ ಮಾಡಿದೆವು. ಇನ್ನೊಂದರಲ್ಲಿ ಪೊಲೀಸರು ಬಂದರು. ಫಾಸ್ಟರ್ ಸಿಟಿಯಲ್ಲಿ ನಡೆದ ಒಂದು ನಾಮಕರಣದ ಊಟದಲ್ಲಿ, ನಾನು ಯಾರೆಂದು ಗೊತ್ತಿಲ್ಲದ ಒಬ್ಬರು ನನಗೇ ಹೇಳಿದ ಪ್ರಕಾರ, ಕಳ್ಳಿ ಒಂದು ಮಗುವಿನ ಮೇಲೆ ಬಿತ್ತು. ಪೊಲೀಸರು ಬರಲಿಲ್ಲ. ಯಾರ ಮೇಲೂ ಏನೂ ಬೀಳಲಿಲ್ಲ. ನನ್ನ ಉದ್ಯೋಗ ಮುರಿದ ಯಂತ್ರದ ಬಿಡಿಭಾಗಗಳನ್ನು ನೋಡಿ, ಅವು ಹೇಗೆ ಮುರಿದವು ಎಂದು ಒಂದೊಂದೇ ಹಂತವಾಗಿ ಬರೆಯುವುದು. ಇದನ್ನೂ ಹಾಗೆಯೇ ಬರೆಯುತ್ತೇನೆ. ಒಂದು ವ್ಯತ್ಯಾಸವಿದೆ. ಆ ಯಂತ್ರಗಳನ್ನು ಮುರಿದವನು ನಾನಲ್ಲ.

ನಾನಿರುವುದು ಕೊಲ್ಲಿಯ ಇದೇ ದಂಡೆಯ ಊರಾದ ನೆವಾರ್ಕಿನಲ್ಲಿ. ವಾರಾಂತ್ಯದಲ್ಲಿ ಮಕ್ಕಳಿಗೆ ಕನ್ನಡ ತರಗತಿ ನಡೆಸುತ್ತೇನೆ. ಮಕ್ಕಳಿಗೆ ಕನ್ನಡ ಅರ್ಥವಾಗುತ್ತದೆ, ಉತ್ತರ ಮಾತ್ರ ಇಂಗ್ಲಿಷಿನಲ್ಲಿ ಬರುತ್ತದೆ. ವರ್ಣಮಾಲೆಯಿಂದ ಅವರನ್ನು ಹಿಡಿದಿಡಲು ಸಾಧ್ಯವಿಲ್ಲ ಎಂದು ಗೊತ್ತಾದ ಮೇಲೆ, ಅವರು ಸ್ಕೂಲಿನಲ್ಲಿ ಓದುವ ಸಂಗತಿಯನ್ನೇ ಕನ್ನಡದಲ್ಲಿ ಹೇಳುವುದು ಎಂದು ತೀರ್ಮಾನಿಸಿದೆವು. ಆ ವರ್ಷ ಅವರು ಓದುತ್ತಿದ್ದುದು ಈ ರಾಜ್ಯದ ಆಗ್ನೇಯದ ಮರುಭೂಮಿ: ಅದರ ಗಿಡಗಳು, ಪ್ರಾಣಿಗಳು, ಅಲ್ಲಿ ಮೊದಲಿನಿಂದ ಬಾಳಿದ ಜನ, ಆಮೇಲೆ ಉಪ್ಪು ಅಗೆಯಲು ಬಂದ ಜನ. ಮರುಭೂಮಿಗೆ ಕಾರಿನಲ್ಲಿ ಒಂದು ಇಡೀ ದಿನದ ದಾರಿ. ಹಾಗಾಗಿ ಮೊದಲು ಲೈಬ್ರರಿಯ ಕಿಟಕಿಯಿಲ್ಲದ ಕೋಣೆಯಲ್ಲಿ ಪ್ರೊಜೆಕ್ಟರು ಹಾಕಿ ತೋರಿಸಿದೆ. ನೋಡಿದ್ದರ ಚಿತ್ರ ಬರೆಯಿರಿ ಎಂದರೆ ಹನ್ನೊಂದು ಮಕ್ಕಳಲ್ಲಿ ಒಂಬತ್ತು ಮಂದಿ ಒಂಟೆ ಬರೆದರು. ಒಂದು ಒಂಟೆಯ ಬೆನ್ನ ಮೇಲೆ ದಸರೆಯ ಅಂಬಾರಿಯಿತ್ತು.

ಪ್ರೊಜೆಕ್ಟರನ್ನು ಅಂದೇ ವಾಪಸು ಕೊಟ್ಟೆ. ಸಸ್ಯೋದ್ಯಾನದಲ್ಲಿ ಸ್ವಯಂಸೇವಕ ಗೈಡುಗಳನ್ನು ತೆಗೆದುಕೊಳ್ಳುತ್ತಾರೆ ಎಂದು ತಿಳಿದು ಹೆಸರು ಕೊಟ್ಟೆ. ಅಲ್ಲಿನ ಪದ್ಧತಿ ಹೀಗಿತ್ತು: ತೋಟದವರ ಕಣ್ಣೆದುರು ಮೂರು ಸಲ ಮಕ್ಕಳ ಗುಂಪನ್ನು ಕರೆದುಕೊಂಡು ಹೋಗಿ ವಿವರಿಸಬೇಕು. ಅಲ್ಲಿಯವರೆಗೆ ಕೊರಳಿಗೆ ಕಾಗದದ ಚೀಟಿ. ಮೂರೂ ಸರಿಯಾದರೆ ಹೆಸರು ಕೊರೆದ ಮರದ ಬಿಲ್ಲೆ. ಬಿಲ್ಲೆ ಇದ್ದವರು ಯಾವ ಶನಿವಾರ ಬೇಕಾದರೂ ಮಕ್ಕಳನ್ನು ಕರೆತರಬಹುದು. ಬಿಲ್ಲೆ ಸಿಗದವರು ಪ್ರೊಜೆಕ್ಟರು ಹುಡುಕಿಕೊಳ್ಳಬೇಕು. ಎರಡು ಸಲ ಮುಗಿದಿತ್ತು. ಆ ಶನಿವಾರದ್ದು ಮೂರನೆಯದು.

ಅದಕ್ಕೂ ಹಿಂದಿನ ವಾರ ನಾವು ಒಂದು ಮ್ಯೂಸಿಯಮ್ಮಿಗೆ ಹೋಗಿದ್ದೆವು. ಅಲ್ಲಿಂದಲೇ ಹೇಳಬೇಕು, ಏಕೆಂದರೆ ಮುರಿದದ್ದರ ಮೊದಲ ಬಿರುಕು ಅಲ್ಲಿದೆ.

ಮ್ಯೂಸಿಯಮ್ಮಿನಲ್ಲಿ ಮರುಭೂಮಿಗೆಂದೇ ಒಂದು ಕೋಣೆ. ಒಳಗೆ ಹೋದರೆ ಬಾಗಿಲ ಬಳಿಯೇ ಗಾಜಿನ ಪೆಟ್ಟಿಗೆಯಲ್ಲಿ, ಹುಲ್ಲಿನಿಂದ ಹೆಣೆದು ಪೈನ್ ಮರದ ಅಂಟು ಬಳಿದ ಒಂದು ನೀರಿನ ಬುಟ್ಟಿ. ಬುಟ್ಟಿಯಲ್ಲಿ ನೀರು ನಿಲ್ಲುತ್ತದೆ ಎಂದರೆ ಮಕ್ಕಳು ನಂಬಲಿಲ್ಲ. ಮುಟ್ಟಿ ನೋಡಲು ಇಟ್ಟಿದ್ದ ಅದರ ನಕಲನ್ನು ಹನ್ನೊಂದು ಮಕ್ಕಳೂ ಮೂಸಿ ನೋಡಿದರು. ಕೋಣೆಯ ನಡುವೆ, ಉಪ್ಪು ಸಾಗಿಸುತ್ತಿದ್ದ ದೊಡ್ಡ ಗಾಡಿ, ಅದರ ಹಿಂದೆ ನೀರಿನ ತೊಟ್ಟಿ ಹೊತ್ತ ಇನ್ನೊಂದು ಗಾಡಿ. ಹೇಸರಗತ್ತೆಗಳು ಇವನ್ನು ಎಳೆಯುತ್ತಿದ್ದವು, ನೀರು ಅವಕ್ಕೂ ಬೇಕು, ಮನುಷ್ಯರಿಗೂ ಬೇಕು ಎಂದು ವಿವರಿಸಿದೆ.

ನಮ್ಮ ಜೊತೆಗೆ ಒಬ್ಬ ಅಜ್ಜಿ ಬಂದಿದ್ದರು. ವಿಜಯಪುರದ ಕಡೆಯವರು, ಎಪ್ಪತ್ತನಾಲ್ಕು ವರ್ಷ, ಮಗಳ ಮನೆಗೆ ಆರು ತಿಂಗಳಿಗೆಂದು ಬಂದವರು. ತರಗತಿಯ ಒಂಬತ್ತು ವರ್ಷದ ಒಬ್ಬ ಹುಡುಗಿ ಅವರ ಮೊಮ್ಮಗಳು. ಅಜ್ಜಿ ಗಾಡಿಯ ಸುತ್ತ ಒಂದು ಸುತ್ತು ಬಂದು ಕೇಳಿದರು:

"ಮಾಸ್ತರ, ಉಂಡ ಮ್ಯಾಲೆ ಇವ್ರು ಕೈ ಎಲ್ಲಿ ತೊಳಕೊಂತಿದ್ರು?"

"ತೊಳೀತಿರಲಿಲ್ಲ ಅನ್ಸುತ್ತೆ ಅಜ್ಜಿ. ಒಂದು ಹನೀನೂ ವೇಸ್ಟ್ ಮಾಡೋ ಹಾಗಿರಲಿಲ್ಲ."

"ಉಸುಕಿನಾಗ ತಿಕ್ಕೊಂತಿದ್ರು, ತಗೋರಿ," ಎಂದು ಅವರೇ ಉತ್ತರ ಕೊಟ್ಟುಕೊಂಡರು.

ನಾನು ಅದನ್ನು ಅಷ್ಟಕ್ಕೇ ಬಿಟ್ಟು ಮಕ್ಕಳ ಕಡೆ ತಿರುಗಿ, ಪಾಠದ ಸಾರವೆಂಬಂತೆ ಹೇಳಿದೆ: ಮರುಭೂಮಿಯಲ್ಲಿ ಒಂದು ಹನಿ ನೀರೂ ವ್ಯರ್ಥವಾಗಬಾರದು. ಮೂರು ಸಲ ಹೇಳಿಸಿದೆ. ಕನ್ನಡದಲ್ಲೇ ಹೇಳಿದರು. ಅಂದು ಸಂಜೆ ಒಬ್ಬ ತಾಯಿ ಗ್ರೂಪಿನಲ್ಲಿ ಮೆಸೇಜು ಹಾಕಿದ್ದರು, ಮಗ ನಲ್ಲಿಯ ಕೆಳಗೆ ಬಕೆಟು ಇಟ್ಟಿದ್ದಾನೆ, ಥ್ಯಾಂಕ್ಯೂ ಎಂದು. ನಾನು ಹಿಗ್ಗಿದೆ. ಇದು ಮೊದಲ ಬಿರುಕು.

ಎರಡನೆಯದು ಸಸ್ಯೋದ್ಯಾನದಲ್ಲಿ, ಆ ಶನಿವಾರ ಬೆಳಿಗ್ಗೆ ಹತ್ತೂ ಇಪ್ಪತ್ತಕ್ಕೆ.

ಮರುಭೂಮಿ ಭಾಗವನ್ನು ನೋಡಿಕೊಳ್ಳುವ ತೋಟಗಾತಿ ಸುಮಾರು ಅರವತ್ತರ ಹೆಂಗಸು. ಮೊಣಕಾಲಿಗೆ ರಬ್ಬರಿನ ಪಟ್ಟಿ, ತಲೆಗೆ ಅಗಲವಾದ ಟೋಪಿ. ಮಾತು ಕಡಿಮೆ. ನನ್ನ ಮೂರೂ ವಿವರಣೆಗಳ ಪರೀಕ್ಷಕಿ ಅವರೇ. ಮಕ್ಕಳು ಗೇಟಿನ ಬಳಿ ಸಾಲು ಕಟ್ಟುತ್ತಿದ್ದಾಗ ಅವರು ನನ್ನನ್ನು ಮುಂದೆ ಕರೆದೊಯ್ದು ಒಂದು ಪೀಪಾಯಿ ಕಳ್ಳಿಯನ್ನು ತೋರಿಸಿದರು. ಪೀಪಾಯಿಯ ಹಾಗೆ ಗುಂಡಗೆ, ನನ್ನ ಸೊಂಟದೆತ್ತರ, ಹಾರ್ಮೋನಿಯಮ್ಮಿನ ತಿದಿಯ ಹಾಗೆ ಮಡಿಕೆ ಮಡಿಕೆ. ಮಡಿಕೆಗಳ ಅಂಚಿಗೆಲ್ಲ ಕೆಂಪು ಕೊಕ್ಕೆ ಮುಳ್ಳು. ಅದು ದಕ್ಷಿಣಕ್ಕೆ ಸ್ವಲ್ಪ ವಾಲಿತ್ತು. ಈ ಜಾತಿಯೇ ಹಾಗೆ ವಾಲುತ್ತದೆ. ಅದರ ಮೇಲೆ ನಾಲ್ಕು ಕಂಬಗಳ ಆಧಾರದಲ್ಲಿ ಪಾರದರ್ಶಕ ಹಾಳೆಯ ಒಂದು ಮಾಡು.

ಅವರು ಇಂಗ್ಲಿಷಿನಲ್ಲಿ ಹೇಳಿದ್ದನ್ನು ನನ್ನ ಕನ್ನಡದಲ್ಲಿ ಕೊಡುತ್ತೇನೆ. "ಹೋದ ವರ್ಷದ ಚಳಿಗಾಲದಲ್ಲಿ ಮಳೆ ಹೆಚ್ಚಾಗಿ ಇದರ ಬುಡ ಒಂದು ಬದಿಯಲ್ಲಿ ಕೊಳೆಯಿತು. ಕೊಳೆತದ್ದನ್ನು ಕತ್ತರಿಸಿ ತೆಗೆದೆ. ಆ ಬದಿಗೆ ಹೊಸ ಬೇರು ಈಗಷ್ಟೇ ಬರುತ್ತಿದೆ. ಅಕ್ಟೋಬರಿನಿಂದ ಒಂದು ಹನಿ ನೀರು ಬೀಳಲು ಬಿಟ್ಟಿಲ್ಲ. ಏಪ್ರಿಲ್ ಮುಗಿಯುವವರೆಗೂ ಬಿಡುವುದಿಲ್ಲ."

ನಾನು ಮಕ್ಕಳಿಗೂ ದೊಡ್ಡವರಿಗೂ ಅದನ್ನು ದಾಟಿಸಿದೆ. ದಾಟಿಸಿದ್ದು ಇಷ್ಟು: "ಈ ಗಿಡ ಅಕ್ಟೋಬರಿನಿಂದ ಒಂದು ಹನಿ ನೀರು ಕುಡಿದಿಲ್ಲ." ಯಾಕೆ ಕುಡಿದಿಲ್ಲ ಎಂಬುದನ್ನು ಬಿಟ್ಟೆ. ಬೇಕೆಂದು ಬಿಟ್ಟದ್ದಲ್ಲ. ಆ ವಾಕ್ಯ ಅಲ್ಲಿಗೇ ನಿಂತರೆ ಚೆನ್ನಾಗಿತ್ತು. ಮಕ್ಕಳು ಬಾಯಿ ತೆರೆದು ಗಿಡವನ್ನು ನೋಡಿದರು.

"ಅಯ್ಯೋ, ಪಾಪ," ಎಂದರು ಒಬ್ಬ ತಾಯಿ.

ವಿವರಣೆ, ಮಕ್ಕಳಿಗೆ ಕನ್ನಡದಲ್ಲೂ ಪರೀಕ್ಷಕಿಗೆ ಇಂಗ್ಲಿಷಿನಲ್ಲೂ, ಒಂದೂವರೆ ಗಂಟೆ ನಡೆಯಿತು. ಚೆನ್ನಾಗಿಯೇ ನಡೆಯಿತು ಎಂದು ಹೇಳಲು ಸಂಕೋಚವಿಲ್ಲ. ಮುಳ್ಳು ಯಾಕೆ, ಎಲೆ ಯಾಕಿಲ್ಲ, ಮಡಿಕೆಗಳು ನೀರು ಕುಡಿದಾಗ ಹೇಗೆ ಉಬ್ಬುತ್ತವೆ, ಎಲ್ಲ ಹೇಳಿದೆ. ಬೇರು ಎಷ್ಟು ಆಳ ಎಂದು ಒಂದು ಮಗು ಕೇಳಿತು. "ಬಹಳ ಆಳ ಇರಬೇಕು," ಎಂದೆ. ತಪ್ಪು. ತೋಟಗಾತಿ ದೂರದಲ್ಲಿದ್ದರು, ಕೇಳಿಸಿಕೊಳ್ಳಲಿಲ್ಲ. ನಡುವೆ ಅವರು ಒಂದು ಸಲ ನನ್ನ ಕಡೆ ನೋಡಿ ತಲೆಯಾಡಿಸಿದ್ದನ್ನು ಕಂಡೆ. ಮರದ ಬಿಲ್ಲೆಯ ಮೇಲೆ ಹೆಸರನ್ನು ಕನ್ನಡ ಲಿಪಿಯಲ್ಲಿ ಕೊರೆಸಬಹುದೇ ಎಂದು ಯೋಚಿಸತೊಡಗಿದೆ.

ಊಟದ ಮೇಜುಗಳನ್ನು ಯಾವುದೋ ಬರ್ತ್‌ಡೇ ಪಾರ್ಟಿಯವರು ಹಿಡಿದಿದ್ದರು. ಇಲ್ಲೇ ಬೆಂಚಿನ ಮೇಲೆ ತಿನ್ನಿ, ಕಸ ಬಿಡಬೇಡಿ ಎಂದು ಹೇಳಿ ತೋಟಗಾತಿ ಹೋದರು. ನಾವು ಕಸ ಬಿಡಲಿಲ್ಲ. ಪೀಪಾಯಿ ಕಳ್ಳಿಯ ಎದುರು ಕೂತು ಚಿತ್ರಾನ್ನ, ಮೊಸರನ್ನ, ಅಜ್ಜಿಯ ಜೋಳದ ರೊಟ್ಟಿ, ಶೇಂಗಾ ಚಟ್ನಿ ಎಲ್ಲವನ್ನೂ ಚೊಕ್ಕವಾಗಿ ಮುಗಿಸಿದೆವು.

ಈಗ ಬಲಗೈ.

ಚಿತ್ರಾನ್ನ ತಿಂದ ಕೈಯನ್ನು ಪೇಪರ್ ನ್ಯಾಪ್ಕಿನ್ನಿಗೆ ಒರೆಸಿದರೆ ಅದು ಒರೆಸಿದ ಕೈಯಾಗುತ್ತದೆ, ತೊಳೆದ ಕೈಯಾಗುವುದಿಲ್ಲ. ನಲ್ಲಿ ಇರುವುದು ಗುಡ್ಡದ ಕೆಳಗೆ, ನಡೆದರೆ ಹತ್ತು ನಿಮಿಷ. ಅಜ್ಜಿಯ ಪಕ್ಕದಲ್ಲಿ ಅವರ ಸ್ಟೀಲಿನ ತಂಬಿಗೆಯಿತ್ತು. ಪ್ಲಾಸ್ಟಿಕ್ ಬಾಟಲಿಯ ನೀರು ಗಂಟಲಿಗೆ ಇಳಿಯುವುದಿಲ್ಲ ಎಂದು ಅವರು ಅದನ್ನು ಎಲ್ಲಿಗೆ ಹೋದರೂ ಒಯ್ಯುತ್ತಿದ್ದರು. ನಾನು ತಂಬಿಗೆ ಕೇಳಿ ತೆಗೆದುಕೊಂಡೆ. ಎದ್ದು ನಿಂತೆ. ಕೈ ತೊಳೆದ ನೀರು ಬರಿ ನೆಲಕ್ಕೆ ಬೀಳಬಾರದು, ಯಾವುದಾದರೂ ಗಿಡದ ಬುಡ ಸೇರಬೇಕು ಎಂಬುದು ನಮ್ಮಲ್ಲಿ ಯಾರೂ ಕಲಿಸದೆ ಬಂದ ಅಭ್ಯಾಸ. ತೆಂಗಿಗೋ ಬಾಳೆಗೋ ಕರಿಬೇವಿಗೋ, ಕಾಲು ತಾನಾಗಿ ಅತ್ತ ಹೋಗುತ್ತದೆ. ನನ್ನ ಕಾಲು ಎರಡು ಹೆಜ್ಜೆ ಹೋಯಿತು. ಬಲಗೈ ಚಾಚಿದೆ. ಎಡಗೈಯಿಂದ ತಂಬಿಗೆ ಬಗ್ಗಿಸಿದೆ.

"ಕಳ್ಳೀಗೆ ಯಾರರ ನೀರ್ ಹಾಕ್ತಾರೇನ್ರೀ?" ಎಂದರು ಅಜ್ಜಿ ಬೆಂಚಿನಿಂದ.

ಕೇಳಿಸಿತು. ನೀರು ಉಳಿಸಿ ಎಂದು ಹೇಳುತ್ತಿದ್ದಾರೆ ಎಂದುಕೊಂಡೆ. "ವೇಸ್ಟ್ ಆಗಲ್ಲ ಅಜ್ಜಿ, ಗಿಡಕ್ಕೇ ಹೋಗುತ್ತೆ," ಎಂದೆ. ಮಕ್ಕಳಿಗೂ ಕೇಳಲಿ ಎಂದು ಸ್ವಲ್ಪ ಜೋರಾಗಿಯೇ ಹೇಳಿದೆ.

ಅದು ಸಾಕಾಯಿತು. ಹನ್ನೊಂದು ಮಕ್ಕಳು, ಏಳು ಮಂದಿ ತಂದೆತಾಯಿಯರು ಎದ್ದು ಸಾಲಾಗಿ ನಿಂತರು. ಅಷ್ಟು ಶಿಸ್ತಿನ ಸಾಲನ್ನು ತರಗತಿಯಲ್ಲಿ ನಾನು ಕಂಡಿರಲಿಲ್ಲ. ಬಾಟಲಿಗಳ ಮುಚ್ಚಳ ಒಂದಾದ ಮೇಲೊಂದು ತಿರುಗಿದವು. ಈಗಲೂ ಮೀಟಿಂಗಿನಲ್ಲಿ ಯಾರಾದರೂ ಬಾಟಲಿಯ ಮುಚ್ಚಳ ತಿರುಗಿಸಿದರೆ ನಾನು ಆ ಕಡೆ ನೋಡುತ್ತೇನೆ. ಒಬ್ಬೊಬ್ಬರೂ ಮಾಡಿನ ಕೆಳಗೆ ಕೈ ಚಾಚಿ, ತೊಳೆದು, ಉಳಿದದ್ದನ್ನು ಪಾಪದ ಗಿಡಕ್ಕೆ ಪೂರ್ತಿ ಸುರಿದರು. "ಕುಡಿ, ಕುಡಿ," ಎಂದು ಒಂದು ಮಗು ಅದರ ಜೊತೆ ಮಾತಾಡಿತು. ಅಜ್ಜಿ ಎರಡನೆಯ ಸಲ ಹೇಳಿದರು, "ಬ್ಯಾಡ್ರೋ, ಅದು ಕುಡದು ಕುಂತೈತಿ." ಯಾರೂ ಕೇಳಲಿಲ್ಲ. ಅವರು ಬೆಂಚಿನ ಹಿಂದಿನ ಉಸುಕನ್ನು ಒಂದು ಚಿಟಿಕೆ ತೆಗೆದು ಬೆರಳು ತಿಕ್ಕಿ, ಸೆರಗಿಗೆ ಒರೆಸಿಕೊಂಡರು. ನಾವು ಇಪ್ಪತ್ತು ಜನ. ತೊಳೆದ ಕೈಗಳು ಹತ್ತೊಂಬತ್ತು.

ತೋಟಗಾತಿ ತಿರುಗಿ ಬಂದಾಗ ಕೊನೆಯ ಕೈ ಇನ್ನೂ ಮಾಡಿನ ಕೆಳಗಿತ್ತು. ಅದು ಉಡುಪಿಯ ಒಬ್ಬ ತಂದೆಯದು. ಕಳ್ಳಿಯ ಸುತ್ತ ಹಾಕಿದ್ದ ಬಿಳಿ ಜಲ್ಲಿಕಲ್ಲು ಅರಿಶಿನದ ಬಣ್ಣಕ್ಕೆ ತಿರುಗಿತ್ತು. ಅಲ್ಲಲ್ಲಿ ಒಗ್ಗರಣೆಯ ಸಾಸಿವೆ. ಒಂದು ಕಡಲೆಬೇಳೆ ಕೊಕ್ಕೆ ಮುಳ್ಳಿಗೆ ಅಂಟಿತ್ತು.

ಅವರು ಜಲ್ಲಿಯನ್ನೂ ಕಡಲೆಬೇಳೆಯನ್ನೂ ನೋಡಿದರು. ಆಮೇಲೆ ಬಹಳ ಮೆತ್ತಗೆ ಕೇಳಿದರು, "ಇದು ಏನಾದರೂ ಧಾರ್ಮಿಕ ವಿಧಿಯೇ?"

ಉಡುಪಿಯ ತಂದೆ ನನ್ನ ಕಿವಿಯ ಹತ್ತಿರ ಬಂದರು. "ಹೌದು ಹೇಳಿ ಮಾರಾಯ್ರೆ. ಪೂಜೆ ಅಂದ್ರೆ ಇಲ್ಲಿ ಯಾರೂ ಎಂತದೂ ಮಾತಾಡುದಿಲ್ಲ. ಅರಿಶಿನ ಬೇರೆ ಉಂಟು, ಸಾಕ್ಷಿಗೆ."

ಆ ಕ್ಷಣದಲ್ಲಿ ನಾನು ಹೌದೆನ್ನಲಿಲ್ಲ. ಅಲ್ಲವೆಂದೂ ಅನ್ನಲಿಲ್ಲ. ಬಗ್ಗಿ ಮುಳ್ಳಿಗೆ ಅಂಟಿದ್ದ ಕಡಲೆಬೇಳೆಯನ್ನು ಬಿಡಿಸತೊಡಗಿದೆ. ನನ್ನ ಜೀವನದಲ್ಲಿ ನಾನು ಗಡಿಯಾರ ನೋಡದ ಕೆಲವೇ ಸಂದರ್ಭಗಳಲ್ಲಿ ಅದೊಂದು. ಅಷ್ಟರಲ್ಲಿ ಅಜ್ಜಿಯ ಮೊಮ್ಮಗಳು ಸಹಾಯ ಮಾಡಿದಳು.

"ನೋ ನೋ," ಎಂದಳು ತೋಟಗಾತಿಗೆ. "ದೇ ಜಸ್ಟ್ ವಾಶ್ಡ್ ದೇರ್ ಹ್ಯಾಂಡ್ಸ್."

"ಆನ್ ಮೈ ಕ್ಯಾಕ್ಟಸ್?"

"ಯಾ. ಸೋ ಇಟ್ ವುಡಂಟ್ ಬಿ ವೇಸ್ಟೆಡ್."

ತೋಟಗಾತಿ ಟೋಪಿ ತೆಗೆದು ಮತ್ತೆ ಹಾಕಿಕೊಂಡರು. ಮೊದಲು ಯಾರು ಶುರು ಮಾಡಿದರು ಎಂದು ಕೇಳಿದರು. ಎಲ್ಲರ ಕಣ್ಣೂ ತಂಬಿಗೆಯ ಕಡೆ ಹೋಯಿತು. ತಂಬಿಗೆಯಿಂದ ಅಜ್ಜಿಯ ಕಡೆ ಹೋಯಿತು. ಇಂಗ್ಲಿಷು ಬಾರದ ಅಜ್ಜಿಗೂ ಅದು ಅರ್ಥವಾಯಿತು. ಅವರು ನನ್ನನ್ನು ನೋಡಿದರು. ದೂರುವ ನೋಟವಲ್ಲ. ಮಾಸ್ತರು ಈಗ ಏನು ಮಾಡುತ್ತಾನೆ ನೋಡೋಣ ಎಂಬ ನೋಟ.

"ನಾನು," ಎಂದೆ. "ಮೊದಲು ತೊಳೆದವನು ನಾನು. ಅವರು ಬೇಡ ಎಂದರು. ಎರಡು ಸಲ ಎಂದರು." ಹೇಳಿ, ಕೊರಳಿನ ಕಾಗದದ ಚೀಟಿಯನ್ನು ನಾನೇ ತೆಗೆದು ಅವರ ಕಡೆ ಚಾಚಿದೆ. ಅದೂ ಒದ್ದೆಯಾಗಿತ್ತು.

ಅವರು ಚೀಟಿ ತೆಗೆದುಕೊಳ್ಳಲಿಲ್ಲ. ಮಂಡಿಯೂರಿ ಕೂತು ಜಲ್ಲಿಯೊಳಗೆ ಬೆರಳು ಇಳಿಸಿದರು. "ಈ ಬೇರುಗಳು ಬೆರಳುದ್ದವೂ ಆಳ ಹೋಗುವುದಿಲ್ಲ," ಎಂದರು. "ಸುತ್ತ ಹರಡುತ್ತವೆ. ನೀರು ಎಲ್ಲಿ ನಿಂತಿದೆಯೋ ಅಲ್ಲೇ ಅವು ಇವೆ." ಆಳದ ಬಗ್ಗೆ ಕೇಳಿದ್ದ ಮಗು ನನ್ನ ಮುಖ ನೋಡಿತು.

ಅಜ್ಜಿ ಎದ್ದು ಬಂದು ಅವರ ಪಕ್ಕದಲ್ಲಿ ಕೂತರು. ಒಂದು ಹಿಡಿ ಒದ್ದೆ ಜಲ್ಲಿ ತೆಗೆದು ಮೂಸಿದರು. "ಎಣ್ಣಿನೂ ಐತಿ," ಎಂದರು. "ಹಸೀದು ಅಷ್ಟೂ ತಗೀಬೇಕು. ಹೊಟ್ಟಿ ತುಂಬಿದ ಕೂಸಿಗೆ ಗಂಟಲಮಟ ಹಾಲ್ ಹಾಕಿದಂಗ ಆಗೈತಿ. ಹೇಳ್ರಿ ಮಾಸ್ತರ ಆಕಿಗೆ."

ಹೇಳಿದೆ. ಈ ಸಲ ಏನನ್ನೂ ಬಿಡದೆ ಹೇಳಿದೆ. ಕೂಸನ್ನೂ ಹಾಲನ್ನೂ ಸೇರಿಸಿ.

ತೋಟಗಾತಿ ಮೊದಲ ಸಲ ಅಜ್ಜಿಯನ್ನು ಸರಿಯಾಗಿ ನೋಡಿದರು. "ಇವರಿಗೆ ಹೇಗೆ ಗೊತ್ತು?"

"ನಮ್ಮ ಹೊಲದ ಬೇಲಿನಽ ಕಳ್ಳಿ," ಎಂದರು ಅಜ್ಜಿ. "ಹುಟ್ಟಿದಾಗಿಂದ ನೋಡೀನಿ. ಒಮ್ಮೆನೂ ನೀರ್ ಹಾಕಿಲ್ಲ. ಅದೂ ಕೇಳಿಲ್ಲ."

ಸಣ್ಣ ಕೈಗುದ್ದಲಿ ಇದ್ದದ್ದು ಎರಡೇ. ಕಬ್ಬಿಣ ಬೇರಿಗೆ ತಾಗಬಾರದು, ಬೆರಳಿನಲ್ಲೇ ತೆಗೆಯಬೇಕು ಎಂದು ತೋಟಗಾತಿ ಮಕ್ಕಳಿಗೆ ತೋರಿಸಿಕೊಟ್ಟರು. ಮಕ್ಕಳು ಬೆರಳಿನಲ್ಲಿ ಜಲ್ಲಿ ಕೆದಕಿ ಡಬ್ಬಿಯ ಮುಚ್ಚಳಗಳಿಗೆ ತುಂಬಿದರು. ದೊಡ್ಡವರು ಮುಚ್ಚಳಗಳನ್ನು ಒಯ್ದು ತಳ್ಳುಗಾಡಿಗೆ ಸುರಿದರು. ಚಿತ್ರಾನ್ನದ ದೊಡ್ಡ ಪಾತ್ರೆಯಲ್ಲಿ ಒಣ ಜಲ್ಲಿ ಬಂತು. ಕೆದಕುತ್ತ ಹೋದಂತೆ ಬೇರುಗಳು ಕಂಡವು. ಬಿಳಿ ದಾರದ ಹಾಗೆ, ನೆಲದ ಚರ್ಮದ ಕೆಳಗೇ, ಕಳ್ಳಿಯಿಂದ ಒಂದು ಮಾರು ದೂರದವರೆಗೆ ಹೋಗಿದ್ದವು. ನನ್ನ ಒಂದೂವರೆ ಗಂಟೆಯ ವಿವರಣೆಯಲ್ಲಿ ಇರದಿದ್ದ ಮರುಭೂಮಿ ಅಲ್ಲಿತ್ತು. ಬಂದ ಮಳೆಯನ್ನು ಆಳಕ್ಕೆ ಜಾರುವ ಮೊದಲೇ ಹಿಡಿದುಕೊಳ್ಳುವುದು ಹೇಗೆ ಎಂದು ತೋಟಗಾತಿ ಅಂಗೈ ಅಗಲಿಸಿ ತೋರಿಸಿದರು. ಮಕ್ಕಳೂ ಅಂಗೈ ಅಗಲಿಸಿದರು. ಎಲ್ಲ ಅಂಗೈಗಳೂ ಮತ್ತೆ ಕೊಳೆಯಾಗಿದ್ದವು. ಈ ಸಲ ಯಾರೂ ತೊಳೆಯುವ ಮಾತೆತ್ತಲಿಲ್ಲ.

ಆಮೇಲೆ ಬೀಸಿದ್ದು. ಇದರ ಬಗ್ಗೆಯೇ ಹೆಚ್ಚು ಕಥೆಗಳಿರುವುದರಿಂದ ಸ್ಪಷ್ಟಪಡಿಸುತ್ತೇನೆ. ಬುಡಕ್ಕೆ ಗಾಳಿಯಾಡಬೇಕು ಎಂದು ಅಜ್ಜಿ ಒಂದು ಪೇಪರ್ ಪ್ಲೇಟು ತೆಗೆದುಕೊಂಡು ಒಲೆಗೆ ಬೀಸುವ ಹಾಗೆ ಬೀಸತೊಡಗಿದರು. ಮಕ್ಕಳೂ ಪ್ಲೇಟು ತೆಗೆದುಕೊಂಡರು. ಉಡುಪಿಯ ತಂದೆ ಎರಡು ಪ್ಲೇಟು ತೆಗೆದುಕೊಂಡರು. "ಇದು ಈಗ ನಿಜಕ್ಕೂ ಪೂಜೆ ಹಾಗೆ ಕಾಣ್ತದೆ ಮಾರಾಯ್ರೆ," ಎಂದರು. "ಚಾಮರ ಸೇವೆ." ಬರ್ತ್‌ಡೇ ಪಾರ್ಟಿಯವರು ಕೇಕು ಹಿಡಿದುಕೊಂಡೇ ಬಂದು ವಿಡಿಯೋ ಮಾಡಿಕೊಂಡು ಹೋದರು. ಬೀಸಿದ್ದರಿಂದ ಗಿಡಕ್ಕೆ ಉಪಯೋಗವಾಯಿತೇ ಎಂದು ನಾನು ತೋಟಗಾತಿಯನ್ನು ಕೇಳಿದೆ.

"ಇಲ್ಲ," ಎಂದರು. "ಆದರೆ ಅವರನ್ನು ನಿಲ್ಲಿಸಬೇಡಿ."

ಹೊರಡುವ ಮುಂಚೆ ಅವರು ತೀರ್ಪು ಹೇಳಿದರು. ಕೊಳೆಯುವುದಾದರೆ ಆರು ವಾರದೊಳಗೆ ಗೊತ್ತಾಗುತ್ತದೆ. ಏಪ್ರಿಲ್ ಕೊನೆಯ ಶನಿವಾರ ಬನ್ನಿ. ಬುಡ ಗಟ್ಟಿಯಾಗಿದ್ದರೆ ನಿಮ್ಮ ಮಕ್ಕಳು ಬರುತ್ತಿರಬಹುದು. ಮೆತ್ತಗಾಗಿದ್ದರೆ ಬರುವುದು ಬೇಡ. ನನ್ನ ಒದ್ದೆ ಚೀಟಿಯನ್ನು ಅಷ್ಟು ದಿನ ನಾನೇ ಇಟ್ಟುಕೊಳ್ಳಬೇಕೆಂದೂ ಹೇಳಿದರು.

ಆ ಆರು ವಾರಗಳಲ್ಲಿ ಮಕ್ಕಳು ಮತ್ತೆ ಕಿಟಕಿಯಿಲ್ಲದ ಕೋಣೆಗೆ ಬಂದರು. ಯಾರೂ ಒಂಟೆ ಬರೆಯಲಿಲ್ಲ. ಎಲ್ಲರೂ ಬೇರು ಬರೆದರು, ಹಾಳೆಯ ಅಡ್ಡಕ್ಕೆ, ಅಂಚಿನಾಚೆ ಮೇಜಿನ ಮೇಲೂ ಹೋಗುವಂತೆ. ಕೆಲವು ಶನಿವಾರ ನಾನೊಬ್ಬನೇ ಗುಡ್ಡಕ್ಕೆ ಹೋಗಿ ದಾರಿಯಲ್ಲೇ ನಿಂತು ಕಳ್ಳಿಯನ್ನು ನೋಡಿ ಬಂದೆ. ದೂರದಿಂದ ಏನೂ ತಿಳಿಯುತ್ತಿರಲಿಲ್ಲ. ವಾಲಿಕೆ ಹೆಚ್ಚಾಗಿದೆಯೇ ಎಂದು ಒಂದು ಸಲ ಫೋನಿನ ಆ್ಯಪಿನಲ್ಲಿ ಕೋನ ಅಳೆದೆ. ದಾರಿಯಿಂದಲೇ ಅಳೆದದ್ದರಿಂದ ಮೂರು ಸಲಕ್ಕೆ ಮೂರು ಉತ್ತರ ಬಂತು. ಉಡುಪಿಯ ತಂದೆ ಎಮರಿವಿಲ್‌ನ ತಮ್ಮ ಆಫೀಸಿನಿಂದ ವಾರಕ್ಕೊಂದು ಸಲ ಫೋನು ಮಾಡುತ್ತಿದ್ದರು. "ಎಂತ ಆಯ್ತು ನಿಮ್ಮ ಪೇಶೆಂಟು? ಡಿಸ್ಚಾರ್ಜ್ ಉಂಟಾ?"

ಅಜ್ಜಿ ಮಾತ್ರ ಏನೂ ಕೇಳಲಿಲ್ಲ. ಒಮ್ಮೆ ತರಗತಿಯ ಬಾಗಿಲಲ್ಲಿ ನಿಂತು ಹೇಳಿದರು: "ನೀವು ಭಾಳ ಹೋಗಿ ನೋಡಬ್ಯಾಡ್ರಿ ಮಾಸ್ತರ. ನೀವೂ ಒಂಥರಾ ನೀರಽ ಹಾಕಾಕತ್ತೀರಿ."

ಏಪ್ರಿಲಿನ ಕೊನೆಯ ಶನಿವಾರ ಬೆಳಿಗ್ಗೆ ಹನ್ನೊಂದಕ್ಕೆ ಇಪ್ಪತ್ತು ಮಂದಿಯೂ ಬಂದೆವು. ಯಾರ ಕೈಯಲ್ಲೂ ಬಾಟಲಿಯಿರಲಿಲ್ಲ. ನಾವು ಮಾತಾಡಿಕೊಂಡಿರಲಿಲ್ಲ, ಆದರೂ ಎಲ್ಲರೂ ಕಾರಿನಲ್ಲೇ ಬಿಟ್ಟು ಬಂದಿದ್ದರು. ತೋಟಗಾತಿ ಮಂಡಿಯೂರಿ, ಪೆನ್ಸಿಲ್ಲಿನ ರಬ್ಬರು ತುದಿಯಿಂದ ಕಳ್ಳಿಯ ಬುಡವನ್ನು ಸುತ್ತಲೂ ಒತ್ತುತ್ತ ಬಂದರು. ಉತ್ತರದಲ್ಲಿ ಗಟ್ಟಿ. ಪೂರ್ವದಲ್ಲಿ ಗಟ್ಟಿ. ಪಶ್ಚಿಮದಲ್ಲಿ ಗಟ್ಟಿ. ದಕ್ಷಿಣದಲ್ಲಿ, ವಾಲಿದ ಕಡೆಯ ನೆರಳಿನಲ್ಲಿ, ಪೆನ್ಸಿಲ್ಲು ಒಳಗೆ ಹೋಯಿತು.

ಎಷ್ಟು ಒಳಗೆ ಎಂದರೆ, ರಬ್ಬರಿನಷ್ಟು.

ನಾನು ಜೇಬಿನಲ್ಲಿದ್ದ ಚೀಟಿಯನ್ನು ಹಿಡಿದುಕೊಂಡೆ. ತೋಟಗಾತಿ ಸಣ್ಣ ಚೂರಿ ತೆಗೆದು ಅಲ್ಲಿ ಕೊರೆದರು. ಹೊರಬಂದದ್ದು ಕಂದು ಬಣ್ಣದ ಒಂದು ತುಂಡು, ಕತ್ತರಿಸಿದ ಬೆಲ್ಲದ ಅಚ್ಚಿನ ಮೂಲೆಯಷ್ಟು. ಅದರ ಹಿಂದೆ ಹಸಿರು. ಅವರು ಅಜ್ಜಿಯನ್ನು ಕರೆಯುವ ಹಾಗೆ ಕೈ ಮಾಡಿದರು. ಅಜ್ಜಿ ಬಗ್ಗಿ, ಗಾಯದೊಳಗೆ ಇಣುಕಿ, ಮುಳ್ಳುಗಳ ನಡುವೆ ಒಂದು ಬೆರಳು ತೂರಿಸಿ ಎರಡು ಸಲ ತಟ್ಟಿದರು. ಸಂತೆಯಲ್ಲಿ ಕಲ್ಲಂಗಡಿ ತಟ್ಟುವ ರೀತಿ. ಸದ್ದು ನಮಗೆಲ್ಲರಿಗೂ ಕೇಳಿಸಿತು. ನನಗೆ ಅದರಿಂದ ಏನೂ ತಿಳಿಯಲಿಲ್ಲ.

"ಸಾಯಂಗಿಲ್ಲ," ಎಂದರು ಅಜ್ಜಿ. "ಕಲಿ ಉಳೀತೈತಿ, ಅಷ್ಟಽ."

ಕಲೆ ಉಳಿಯುತ್ತದೆ, ಗಿಡ ಸಾಯುವುದಿಲ್ಲ ಎಂದು ನಾನು ದಾಟಿಸಿದೆ. ತೋಟಗಾತಿ ನಾನು ಮುಗಿಸುವ ಮೊದಲೇ ತಲೆಯಾಡಿಸಿದರು. ಅವರಿಬ್ಬರಿಗೆ ನಾನು ಬೇಕಾಗಿರಲಿಲ್ಲ.

ಷರತ್ತುಗಳು ಎರಡು ಬಂದವು. ಒಂದು, ಊಟ ಇನ್ನು ಮುಂದೆ ಗುಡ್ಡದ ಕೆಳಗೆ, ನಲ್ಲಿಯ ಪಕ್ಕ. ಎರಡು, ಕಳ್ಳಿಯ ಬಳಿ ಬಂದಾಗ ವಿವರಣೆ ಅಜ್ಜಿಯದು, ಅನುವಾದ ಮಾತ್ರ ನನ್ನದು. ಮೇ ತಿಂಗಳಲ್ಲಿ ವಿಮಾನ ಹತ್ತುವ ಮೊದಲು ಅಜ್ಜಿ ಎರಡು ಸಲ ವಿವರಿಸಿದರು. ಎರಡೂ ಸಲ ಹನ್ನೊಂದು ಮಕ್ಕಳೂ ಅಲುಗಾಡದೆ ನಿಂತಿದ್ದರು. ಹೊರಡುವ ದಿನ ತೋಟಗಾತಿ ಅವರಿಗೆ ಒಂದು ಮರದ ಬಿಲ್ಲೆ ಕೊಟ್ಟರು. ಹೆಸರು ಇಂಗ್ಲಿಷಿನಲ್ಲೇ ಕೊರೆದಿತ್ತು, ಒಂದಕ್ಷರ ತಪ್ಪಿತ್ತು. ಅಜ್ಜಿ ಅದನ್ನು ತಂಬಿಗೆಯೊಳಗೆ ಹಾಕಿ ಬಟ್ಟೆ ಸುತ್ತಿ ಸೂಟ್‌ಕೇಸಿನಲ್ಲಿಟ್ಟರು. ನನ್ನದು ಈಗಲೂ ಕಾಗದದ್ದೇ. ಒಣಗಿದ ಮೇಲೆ ಸ್ವಲ್ಪ ಮುರುಟಿದೆ, ಅರಿಶಿನದ ಒಂದು ಬೆರಳ ಗುರುತಿದೆ. ಶನಿವಾರಗಳಿಗೆ ಅದು ಸಾಕಾಗುತ್ತದೆ.

ಇದನ್ನು ನಾನೊಬ್ಬನೇ ಕಂಡದ್ದಲ್ಲ. ತೋಟಗಾತಿ ಇದ್ದಾರೆ. ನಿವೃತ್ತಿಯಾಗಬೇಕಿತ್ತು, ಕಳ್ಳಿಯ ಗಾಯ ಪೂರ್ತಿ ಮಾಯಲಿ ಎಂದು ಇನ್ನೊಂದು ವರ್ಷ ಮುಂದುವರಿಸಿದ್ದಾರೆ. ಉಡುಪಿಯ ತಂದೆ ಇದ್ದಾರೆ, ಅದು ಪೂಜೆಯೇ ಆಗಿತ್ತೆಂದು ಆಫೀಸಿನಲ್ಲಿ ಹೇಳಿಕೊಂಡಿದ್ದಾರೆ. ಮೊಮ್ಮಗಳು ಇದ್ದಾಳೆ, ಹತ್ತು ತುಂಬಿದೆ, ಕೇಳಿದರೆ ಇಂಗ್ಲಿಷಿನಲ್ಲಿ ನಿಜ ಹೇಳುತ್ತಾಳೆ. ಉಳಿದ ಹತ್ತು ಮಕ್ಕಳು, ಆರು ಮಂದಿ ತಂದೆತಾಯಿಯರು, ಎಲ್ಲರೂ ಇದ್ದಾರೆ. ಅಜ್ಜಿ ವಿಜಯಪುರದಲ್ಲಿದ್ದಾರೆ. ಮೊಮ್ಮಗಳಿಗೆ ವಿಡಿಯೋ ಕಾಲು ಮಾಡಿದಾಗ ಮೊದಲು ಕಳ್ಳಿಯನ್ನು ಕೇಳಿ, ಆಮೇಲೆ ಮಾಸ್ತರನನ್ನು ಕೇಳುತ್ತಾರಂತೆ. ಎಲ್ಲರಿಗಿಂತ ಹತ್ತಿರದಿಂದ ಕಂಡ ಕಳ್ಳಿಯೂ ಅಲ್ಲೇ ಇದೆ, ಬೆಂಚಿನ ಎಡತುದಿಯಿಂದ ಎರಡು ಹೆಜ್ಜೆ ಆಚೆ, ದಕ್ಷಿಣಕ್ಕೆ ವಾಲಿಕೊಂಡು, ಕಲೆಯನ್ನು ನೆರಳಿನಲ್ಲಿಟ್ಟುಕೊಂಡು.